ಠಾಣೆ ಮತ್ತು ಸೇನಾ ತುಕಡಿಯಲ್ಲಿ ಕೆಲಸದ ವಾತಾವರಣ ಸರಿಪಡಿಸುವುದು ಹೇಗೆ? ಹೊಸದಾಗಿ ಹೊಣೆ ಹೊತ್ತವರಿಗೆ ಹಂತ ಹಂತದ ಮಾರ್ಗದರ್ಶಿ

ಹೊಸ ಅಧಿಕಾರಿ ಬರುತ್ತಾರೆ. ಮೊದಲ ವಾರದಲ್ಲೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, "ಏನೇ ತೊಂದರೆ ಇದ್ದರೂ ನೇರವಾಗಿ ನನಗೇ ಹೇಳಿ" ಎನ್ನುತ್ತಾರೆ. ಗೋಡೆಗೆ ಹೊಸ ಘೋಷವಾಕ್ಯ ಬರುತ್ತದೆ. ಒಂದು ದಿನದ ತರಬೇತಿಯೂ ನಡೆಯುತ್ತದೆ. ಆರು ತಿಂಗಳ ನಂತರ ನೋಡಿದರೆ ಯಾರೂ ಬಂದು ಏನನ್ನೂ ಹೇಳಿರುವುದಿಲ್ಲ. ರಜೆ ಕೇಳಿದವರಿಗೆ ಅದೇ ಬೈಗುಳ, ಹೊಸಬರಿಗೆ ಅದೇ ಕಾಟ, ತಪ್ಪು ನಡೆದಾಗ ಅದೇ ಮೌನ.

ಹೀಗೆ ಸೋಲುವವರಲ್ಲಿ ಹೆಚ್ಚಿನವರ ಉದ್ದೇಶ ಒಳ್ಳೆಯದೇ. ಅವರು ಎಡವುವುದು ಕ್ರಮದಲ್ಲಿ. ನಂಬಿಕೆ ಹುಟ್ಟುವ ಮೊದಲೇ ದೂರು ಕೇಳುತ್ತಾರೆ. ಡ್ಯೂಟಿ ಪಟ್ಟಿ ಸರಿಮಾಡುವ ಮೊದಲೇ ಮೌಲ್ಯಗಳ ಬಗ್ಗೆ ಭಾಷಣ ಮಾಡುತ್ತಾರೆ. ಹೆಡ್ ಕಾನ್‌ಸ್ಟೆಬಲ್, ಹವಾಲ್ದಾರ್ ಅವರಂಥ ನಡುವಿನ ಹಂತದವರನ್ನು ಬಿಟ್ಟು ಕೆಳಗಿನವರನ್ನು ಒಲಿಸಿಕೊಳ್ಳಲು ಹೋಗುತ್ತಾರೆ. ಆದ್ದರಿಂದ ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಮಾಡಿ.

ಇದನ್ನು ಬರೆದಿರುವುದು ಒಂದು ಠಾಣೆ, ಒಂದು ಕಂಪನಿ ಅಥವಾ ಒಂದು ತುಕಡಿಯ ಹೊಣೆ ಹೊತ್ತವರಿಗಾಗಿ. ಇಡೀ ಇಲಾಖೆಯನ್ನು ಬದಲಿಸುವ ಅಧಿಕಾರ ನಿಮಗಿಲ್ಲ. ಆದರೆ ನಿಮ್ಮ ಕೈಕೆಳಗಿನ ಜನರ ದಿನ ಹೇಗೆ ಕಳೆಯುತ್ತದೆ ಎಂಬುದು ಬಹುಪಾಲು ನಿಮ್ಮ ಕೈಯಲ್ಲೇ ಇದೆ.

## ಶುರು ಮಾಡುವ ಮೊದಲು ಏನೇನು ಬೇಕು?

- ಕಳೆದ ಒಂದು ವರ್ಷದ ಡ್ಯೂಟಿ ಪಟ್ಟಿ, ರಜೆ ರಿಜಿಸ್ಟರ್, ಅನಾರೋಗ್ಯ ರಜೆಯ ವಿವರ
- ಶಿಸ್ತುಕ್ರಮದ ಕಡತಗಳು, ಬಲಪ್ರಯೋಗದ ವರದಿಗಳು, ಸಾರ್ವಜನಿಕರ ದೂರುಗಳು
- ವರ್ಗಾವಣೆ ಕೇಳಿ ಬಂದ ಅರ್ಜಿಗಳು
- ನಿಮ್ಮ ಅಧಿಕಾರ ಎಲ್ಲಿಯವರೆಗೆ ಎಂದು ಹೇಳುವ ನಿಯಮಾವಳಿ
- ನಿಮ್ಮ ತಪ್ಪನ್ನು ಮುಖಕ್ಕೆ ಹೇಳಬಲ್ಲ, ನಿಮ್ಮ ಘಟಕದ ಹೊರಗಿನ ಒಬ್ಬ ಹಿರಿಯರು

ಕೊನೆಯದನ್ನು ಬಿಡಬೇಡಿ. ಸಮವಸ್ತ್ರದ ಕೆಲಸದಲ್ಲಿ ಮೇಲೆ ಹೋದಷ್ಟೂ ನಿಜ ಹೇಳುವವರು ಕಡಿಮೆಯಾಗುತ್ತಾರೆ. ತಿಂಗಳಿಗೊಮ್ಮೆ ಅವರ ಜೊತೆ ಕೂತು ಮಾತಾಡಿ.

ಸಮಯವೂ ಬೇಕು. ಮೊದಲ ಬದಲಾವಣೆ ಕಾಣಲು ಮೂರ್ನಾಲ್ಕು ತಿಂಗಳು, ಅದು ಅಭ್ಯಾಸವಾಗಲು ಒಂದೂವರೆ ವರ್ಷ ಎಂದುಕೊಳ್ಳಿ. ನಿಮ್ಮ ಅವಧಿ ಅದಕ್ಕಿಂತ ಕಡಿಮೆ ಎಂದು ಗೊತ್ತಿದ್ದರೆ 3 ಮತ್ತು 4ನೇ ಹಂತಕ್ಕೆ ಹೆಚ್ಚು ಶ್ರಮ ಹಾಕಿ. ಉಳಿಯುವುದು ಅವೇ.

## ಹಂತ 1: ಕಡತ ಓದಿ, ಪಾಳಿಯಲ್ಲಿ ಕೂತು ನೋಡಿ

ಮೊದಲ ಮೂರು ವಾರ ಏನನ್ನೂ ಬದಲಿಸಬೇಡಿ. ಜೀವಕ್ಕೆ ಅಪಾಯ ಇರುವ ವಿಷಯ ಮತ್ತು ಕಾನೂನು ಮುರಿಯುವ ಕೆಲಸ ಮಾತ್ರ ಇದಕ್ಕೆ ಹೊರತು. ಅವನ್ನು ಕಂಡ ತಕ್ಷಣ ನಿಲ್ಲಿಸಿ.

ಕಡತಗಳಲ್ಲಿ ಒಂದೇ ಹೆಸರು ಎಲ್ಲೆಲ್ಲಿ ಮತ್ತೆ ಮತ್ತೆ ಬರುತ್ತದೆ ಎಂದು ಗಮನಿಸಿ. ಒಬ್ಬರಿಗೇ ಸತತ ರಾತ್ರಿ ಪಾಳಿ ಬಿದ್ದಿದೆಯೇ? ಒಬ್ಬ ಮೇಲ್ವಿಚಾರಕರ ಕೈಕೆಳಗಿನವರೇ ಹೆಚ್ಚಾಗಿ ವರ್ಗಾವಣೆ ಕೇಳುತ್ತಿದ್ದಾರೆಯೇ? ಬಲಪ್ರಯೋಗದ ವರದಿಗಳಲ್ಲಿ ಬೇರೆ ಬೇರೆ ಘಟನೆಗೆ ಒಂದೇ ವಾಕ್ಯ ಇದೆಯೇ? ಹಾಗಿದ್ದರೆ ಯಾರೋ ವರದಿ ನಕಲು ಮಾಡುತ್ತಿದ್ದಾರೆ, ಅಥವಾ ಯಾರೋ ಹೀಗೇ ಬರೆಯಿರಿ ಎಂದು ಹೇಳಿಕೊಡುತ್ತಿದ್ದಾರೆ.

ಆಮೇಲೆ ಪ್ರತಿ ಪಾಳಿಯಲ್ಲೂ ಸ್ವಲ್ಪ ಹೊತ್ತು ಕೂತುಕೊಳ್ಳಿ. ರಾತ್ರಿ ಮೂರು ಗಂಟೆಯ ಪಾಳಿಯಲ್ಲೂ ಕೂರಬೇಕು. ಹಾಜರಿ ಕರೆಯುವಾಗ ಯಾರನ್ನು ಹೆಸರು ಹಿಡಿದು ಕರೆಯುತ್ತಾರೆ, ಯಾರನ್ನು ಅಡ್ಡಹೆಸರಿನಿಂದ ಕರೆಯುತ್ತಾರೆ, ಯಾವ ಹಾಸ್ಯಕ್ಕೆ ಯಾರು ನಗುವುದಿಲ್ಲ ಎಂಬುದನ್ನು ನೋಡಿ. ನೀವಿದ್ದಾಗ ಎಲ್ಲರೂ ನೆಟ್ಟಗಿರುತ್ತಾರೆ, ಅಲ್ವಾ? ಅದಕ್ಕೇ ಒಂದು ಸಲ ಹೋದರೆ ಸಾಲದು. ನೀವು ಬರುವುದು ಮಾಮೂಲಿ ಆಗುವವರೆಗೂ ಹೋಗಿ.

## ಹಂತ 2: ಒಬ್ಬೊಬ್ಬರನ್ನೇ ಕರೆದು ಕೇಳಿ

ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸ್ ಬಗ್ಗೆ ಲೂಯಿಸ್ ಕೇಸಿ 2023ರ ಮಾರ್ಚ್‌ನಲ್ಲಿ ಕೊಟ್ಟ ವರದಿಯಲ್ಲಿ ಒಂದು ಮುಖ್ಯ ವಿಷಯ ಇದೆ. ಬಾಯಿ ಬಿಡದಿರುವ ಅಭ್ಯಾಸ ಅಲ್ಲಿ ಎಷ್ಟು ಬೇರೂರಿತ್ತೆಂದರೆ, ಹಿರಿಯ ಅಧಿಕಾರಿಗಳು ತಾವಾಗಿ ಕೇಳಿದರೂ ಸಿಬ್ಬಂದಿ ಮನಸ್ಸಿನಲ್ಲಿದ್ದದ್ದನ್ನು ಹೇಳಲು ಹಿಂಜರಿಯುತ್ತಿದ್ದರು. ಕೇಳಿದ ಮಾತ್ರಕ್ಕೆ ಉತ್ತರ ಸಿಗುವುದಿಲ್ಲ. ಹೇಗೆ ಕೇಳುತ್ತೀರಿ ಎಂಬುದರ ಮೇಲೆ ಎಲ್ಲ ನಿಂತಿದೆ.

"ಏನಾದರೂ ಸಮಸ್ಯೆ ಇದೆಯಾ?" ಎಂದರೆ "ಇಲ್ಲ ಸರ್" ಎಂಬ ಉತ್ತರ ಖಚಿತ. ಅದರ ಬದಲು ಈ ಮೂರು ಪ್ರಶ್ನೆ ಕೇಳಿ ನೋಡಿ:

1. ನಾಳೆ ಒಬ್ಬರು ಹೊಸದಾಗಿ ಸೇರಿದರೆ, ಇಲ್ಲಿ ಉಳಿಯಲು ಅವರು ಏನು ಕಲಿಯಬೇಕು?
2. ಪುಸ್ತಕದಲ್ಲಿದ್ದರೂ ಇಲ್ಲಿ ಯಾರೂ ಪಾಲಿಸದ ನಿಯಮ ಯಾವುದು? ಯಾಕೆ ಪಾಲಿಸುತ್ತಿಲ್ಲ?
3. ಹಿಂದೆ ಯಾರಾದರೂ ತಪ್ಪು ಎತ್ತಿ ತೋರಿಸಿದಾಗ ಅವರಿಗೆ ಏನಾಯಿತು?

ಮೂರನೆಯದಕ್ಕೆ ಬರುವ ಉತ್ತರವೇ ನಿಮ್ಮ ಘಟಕದ ನಿಜವಾದ ನಿಯಮ. ಉತ್ತರ ಕೊಡುವ ಮೊದಲು ಎಷ್ಟು ಹೊತ್ತು ಸುಮ್ಮನಿರುತ್ತಾರೆ ಎಂಬುದನ್ನೂ ಗಮನಿಸಿ.

ನಿಮ್ಮ ಕೋಣೆಯಲ್ಲಿ, ಮೇಜಿನ ಆಚೆ ನಿಲ್ಲಿಸಿಕೊಂಡು ಕೇಳಬೇಡಿ. ಕುರ್ಚಿ ಕೊಡಿ. ಎಲ್ಲರನ್ನೂ ಕರೆಯಿರಿ. ಕೆಲವರನ್ನು ಮಾತ್ರ ಕರೆದರೆ ಅವರ ಮೇಲೆ "ಸಾಹೇಬರ ಕಿವಿ" ಎಂಬ ಹಣೆಪಟ್ಟಿ ಬೀಳುತ್ತದೆ. ಕೇಳುತ್ತಿರುವಾಗ ಸಮರ್ಥನೆ ಕೊಡಬೇಡಿ, ಪರಿಹಾರದ ಭರವಸೆಯನ್ನೂ ಕೊಡಬೇಡಿ. ಒಂದು ಮಾತನ್ನು ಮಾತ್ರ ಶುರುವಿನಲ್ಲೇ ಹೇಳಿಬಿಡಿ: ಅಪರಾಧ ಅಥವಾ ಯಾರದಾದರೂ ಜೀವದ ವಿಷಯ ಬಂದರೆ ಅದನ್ನು ಗುಟ್ಟಾಗಿ ಇಡಲು ನಿಮಗೆ ಆಗುವುದಿಲ್ಲ. ಇದನ್ನು ಕೊನೆಯಲ್ಲಿ ಹೇಳಿದರೆ ಮೋಸ ಮಾಡಿದಂತೆ.

ಸಾಮಾನ್ಯ ತಪ್ಪು: ಹೆಸರಿಲ್ಲದ ಪ್ರಶ್ನಾವಳಿ ಎಂದು ಹೇಳಿ, ಅದರಲ್ಲಿ ವಯಸ್ಸು, ಹುದ್ದೆ, ಲಿಂಗ, ಸೇವಾವಧಿ ಎಲ್ಲ ಕೇಳುವುದು. ಘಟಕದಲ್ಲಿ ಇಬ್ಬರೇ ಮಹಿಳೆಯರಿದ್ದರೆ ಅವರು ಯಾರೆಂದು ಎಲ್ಲರಿಗೂ ತಿಳಿಯುತ್ತದೆ. ಒಮ್ಮೆ ಹೀಗಾದರೆ ಮುಂದಿನ ಪ್ರಶ್ನಾವಳಿಗೆ ಯಾರೂ ನಿಜ ಬರೆಯುವುದಿಲ್ಲ.

## ಹಂತ 3: ಡ್ಯೂಟಿ ಪಟ್ಟಿ ಮತ್ತು ರಜೆ ಸರಿಮಾಡಿ

ಬಹಳಷ್ಟು ಜನ ಇದನ್ನು ಚಿಲ್ಲರೆ ಕೆಲಸ ಎಂದು ಗುಮಾಸ್ತರಿಗೆ ಬಿಡುತ್ತಾರೆ. ನನ್ನ ಪ್ರಕಾರ ಇಡೀ ಕೆಲಸದ ಬುನಾದಿ ಇದೇ. ಸಿಬ್ಬಂದಿ ನಿಮ್ಮ ನ್ಯಾಯಬುದ್ಧಿಯನ್ನು ಅಳೆಯುವುದು ಭಾಷಣದಿಂದಲ್ಲ. ಹಬ್ಬದ ದಿನ ಯಾರಿಗೆ ಡ್ಯೂಟಿ ಬಿತ್ತು, ಅಮ್ಮನಿಗೆ ಆಪರೇಷನ್ ಎಂದು ರಜೆ ಕೇಳಿದವರಿಗೆ ಏನು ಉತ್ತರ ಸಿಕ್ಕಿತು ಎಂಬುದರಿಂದ.

ಜನ ಕಾನೂನಿಗೆ ಯಾಕೆ ತಲೆಬಾಗುತ್ತಾರೆ ಎಂದು ಅಧ್ಯಯನ ಮಾಡಿದ ಟಾಮ್ ಟೈಲರ್ ಅವರ ಕೆಲಸದಿಂದ ಬೆಳೆದ ತಿಳಿವಳಿಕೆ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ತೀರ್ಮಾನ ತಮ್ಮ ಪರವಾಗಿ ಇಲ್ಲದಿದ್ದರೂ ನಾಲ್ಕು ವಿಷಯ ಸರಿಯಿದ್ದರೆ ಜನ ಅದನ್ನು ಒಪ್ಪುತ್ತಾರೆ. ತಮ್ಮ ಮಾತು ಕೇಳಿದರು, ಪಕ್ಷಪಾತ ಮಾಡಲಿಲ್ಲ, ಮರ್ಯಾದೆ ಕೊಟ್ಟರು, ಉದ್ದೇಶ ಒಳ್ಳೆಯದಿತ್ತು ಎಂದು ಅನಿಸಬೇಕು. ಇದು ಠಾಣೆಯ ಒಳಗೂ ನಿಜ, ಹೊರಗೂ ನಿಜ. ಒಳಗೆ ಅವಮಾನ ತಿಂದವರು ಹೊರಗೆ ಸಾರ್ವಜನಿಕರಿಗೆ ಮರ್ಯಾದೆ ಕೊಡಲಿ ಎಂದು ಬಯಸುವುದು ಕಷ್ಟ.

ಹೀಗೆ ಮಾಡಿ:

1. ಡ್ಯೂಟಿ ಪಟ್ಟಿಯನ್ನು ಕನಿಷ್ಠ ಎರಡು ವಾರ ಮೊದಲೇ ಎಲ್ಲರಿಗೂ ಕಾಣುವಂತೆ ಹಾಕಿ. ತುರ್ತು ಬದಲಾವಣೆ ಆದರೆ ಕಾರಣವನ್ನೂ ಬರೆಯಿರಿ.
2. ರಾತ್ರಿ ಪಾಳಿ, ಹಬ್ಬದ ದಿನ, ಬಂದೋಬಸ್ತ್ ಇವು ಸರದಿಯ ಪ್ರಕಾರ ಬರಲಿ. ಸರದಿ ಲೆಕ್ಕವನ್ನು ಯಾರು ಬೇಕಾದರೂ ನೋಡುವಂತಿರಲಿ.
3. ರಜೆ ಅರ್ಜಿಗೆ ಇಷ್ಟು ದಿನದೊಳಗೆ ಉತ್ತರ ಎಂದು ಗೊತ್ತುಮಾಡಿ. ನಿರಾಕರಿಸಿದರೆ ಒಂದು ಸಾಲಿನ ಕಾರಣ ಮತ್ತು ಯಾವಾಗ ಕೊಡಬಹುದು ಎಂಬ ದಿನಾಂಕ ಬರೆದುಕೊಡಿ.
4. ಸಿಬ್ಬಂದಿಯನ್ನು ಅಧಿಕಾರಿಗಳ ಮನೆಕೆಲಸಕ್ಕೆ, ಸ್ವಂತ ಓಡಾಟಕ್ಕೆ ಬಳಸುತ್ತಿದ್ದರೆ ನಿಲ್ಲಿಸಿ. ಮೊದಲು ನಿಮ್ಮ ಮನೆಯಿಂದಲೇ ಶುರುವಾಗಲಿ.
5. ಎರಡು ಪಾಳಿಗಳ ನಡುವೆ ನಿದ್ದೆಗೆ ಸಾಕಾಗುವಷ್ಟು ಬಿಡುವು ಇಡಿ.

ಐದನೆಯದು ಬರೀ ಕರುಣೆಯ ವಿಷಯ ಅಲ್ಲ. ಸುಮಾರು 17 ಗಂಟೆ ಸತತ ಎಚ್ಚರ ಇದ್ದವರ ಚುರುಕುತನ, ರಕ್ತದಲ್ಲಿ 0.05 ಶೇಕಡಾ ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ. 24 ಗಂಟೆ ಆದರೆ ಅದು 0.10 ಶೇಕಡಾ ಹತ್ತಿರ ಹೋಗುತ್ತದೆ. ಅಂಥವರ ಕೈಗೆ ಬಂದೂಕು ಮತ್ತು ವಾಹನದ ಕೀಲಿ ಕೊಟ್ಟು, ತಾಳ್ಮೆಯಿಂದ ವರ್ತಿಸಿ ಎಂದು ಹೇಳುವುದರಲ್ಲಿ ಅರ್ಥವಿಲ್ಲ. ಜನರ ಕೊರತೆ ಇದೆ, ನಿಜ. ಆಗ ಕಡಿಮೆ ಮಾಡಬೇಕಾದ್ದು ಕೆಲಸವನ್ನು, ನಿದ್ದೆಯನ್ನಲ್ಲ. ತೋರಿಕೆಯ ಕಾವಲು, ಒಂದೇ ಮಾಹಿತಿ ತುಂಬುವ ಮೂರು ರಿಜಿಸ್ಟರ್, ಯಾರೂ ಓದದ ದಿನವರದಿ ಇಂಥವನ್ನು ಹುಡುಕಿ ತೆಗೆಯಿರಿ.

ಎಚ್ಚರಿಕೆ: ಪಟ್ಟಿ ಪಾರದರ್ಶಕವಾದ ತಕ್ಷಣ ಇಷ್ಟು ದಿನ ಅನುಕೂಲ ಪಡೆದವರು ಗೊಣಗುತ್ತಾರೆ. "ಶಿಸ್ತು ಹೋಯಿತು" ಎಂಬ ಮಾತು ಬರುತ್ತದೆ. ಆ ಮಾತು ಯಾರಿಂದ ಬಂತು ಎಂದು ಬರೆದಿಟ್ಟುಕೊಳ್ಳಿ. ಮುಂದಿನ ಹಂತಕ್ಕೆ ಬೇಕಾಗುತ್ತದೆ.

## ಹಂತ 4: ನಡುವಿನ ಹಂತದವರನ್ನು ಜೊತೆಗೆ ತಂದುಕೊಳ್ಳಿ

ಕಿರಿಯ ಸಿಬ್ಬಂದಿಗೆ ಇಲಾಖೆ ಎಂದರೆ ನೀವಲ್ಲ. ದಿನವೂ ಅವರಿಗೆ ಕೆಲಸ ಹಂಚುವ ಹೆಡ್ ಕಾನ್‌ಸ್ಟೆಬಲ್, ಹವಾಲ್ದಾರ್, ಸಾರ್ಜೆಂಟ್ ಇವರೇ ಇಲಾಖೆ. ಅಧಿಕಾರಿಗಳು ಬಂದು ಹೋಗುತ್ತಾರೆ, ಇವರು ಇರುತ್ತಾರೆ.

ಇವರ ಪ್ರಭಾವ ಎಷ್ಟು ಎಂಬುದಕ್ಕೆ ಆಸ್ಟ್ರೇಲಿಯಾದ ಬ್ರೆರಟನ್ ವರದಿಯನ್ನು ನೋಡಿ. ಆಫ್ಘಾನಿಸ್ತಾನದಲ್ಲಿ 2005ರಿಂದ 2016ರವರೆಗೆ ಆಸ್ಟ್ರೇಲಿಯಾದ ವಿಶೇಷ ಪಡೆಗಳು ನಡೆದುಕೊಂಡ ರೀತಿಯನ್ನು ತನಿಖೆ ಮಾಡಿದ ಈ ವರದಿ 2020ರ ನವೆಂಬರ್‌ನಲ್ಲಿ ಹೊರಬಂತು. 39 ಜನರನ್ನು ಕಾನೂನುಬಾಹಿರವಾಗಿ ಕೊಂದ ಬಗ್ಗೆ ನಂಬಲರ್ಹ ಮಾಹಿತಿ ಸಿಕ್ಕಿದೆ ಎಂದು ಅದು ಹೇಳಿತು. ಇದನ್ನು ಯೋಚಿಸಿದ್ದು, ಮಾಡಿದ್ದು, ಮುಚ್ಚಿಟ್ಟಿದ್ದು ಹೆಚ್ಚಾಗಿ ಗಸ್ತು ತಂಡದ ನಾಯಕರ ಮಟ್ಟದಲ್ಲಿ. ಅಂದರೆ ಕಾರ್ಪೊರಲ್ ಮತ್ತು ಸಾರ್ಜೆಂಟ್ ಹುದ್ದೆಯವರು. ಹೊಸ ಸೈನಿಕರಿಗೆ ಕೈದಿಯನ್ನು ಕೊಲ್ಲಿಸಿ "ಪಳಗಿಸುವ" ಪದ್ಧತಿಯ ಬಗ್ಗೆಯೂ ವರದಿಯಲ್ಲಿದೆ. ಮೇಲಿನ ಅಧಿಕಾರಿಗಳಿಗೆ ಇದೆಲ್ಲ ಗೊತ್ತಿತ್ತು ಎಂದು ವರದಿ ಹೇಳಲಿಲ್ಲ. ಆದರೂ ತಮ್ಮ ಕೈಕೆಳಗೆ ನಡೆದದ್ದಕ್ಕೆ ನೈತಿಕ ಹೊಣೆ ಅವರದೇ ಎಂದಿತು.

ನಿಮ್ಮ ಘಟಕದ ಸ್ಥಿತಿ ಇದರ ಹತ್ತಿರಕ್ಕೂ ಬಾರದಿರಬಹುದು. ಆದರೆ ಪ್ರಭಾವ ಹರಿಯುವ ದಾರಿ ಎಲ್ಲ ಕಡೆ ಇದೇ. ನಡುವಿನವರನ್ನು ಬಿಟ್ಟು ನೇರವಾಗಿ ಕೆಳಗಿನವರ ಜೊತೆ ಸ್ನೇಹ ಬೆಳೆಸಿದರೆ ಎರಡು ಅನಾಹುತ ಆಗುತ್ತದೆ. ನಡುವಿನವರು ತಮ್ಮನ್ನು ಕಡೆಗಣಿಸಿದರೆಂದು ಮುನಿಸಿಕೊಳ್ಳುತ್ತಾರೆ. ನೀವು ಹೋದ ಮರುದಿನ ಆ ಮುನಿಸನ್ನು ಕೆಳಗಿನವರ ಮೇಲೆ ತೀರಿಸಿಕೊಳ್ಳುತ್ತಾರೆ.

ಮಾಡಬೇಕಾದ್ದು ಇಷ್ಟು. ವಾರಕ್ಕೊಮ್ಮೆ ಅವರ ಜೊತೆ ಅರ್ಧ ಗಂಟೆ ಕೂತುಕೊಳ್ಳಿ. ಯಾವ ಬದಲಾವಣೆಯಾದರೂ ಮೊದಲು ಅವರಿಗೆ ತಿಳಿಯಲಿ, ಆಮೇಲೆ ಉಳಿದವರಿಗೆ. ಅವರ ಆಕ್ಷೇಪ ಇದ್ದರೆ ಅಲ್ಲೇ ಕೇಳಿ. ಕೆಲವು ಸಲ ಅವರ ಮಾತೇ ಸರಿಯಿರುತ್ತದೆ. ಡ್ಯೂಟಿ ಪಟ್ಟಿ ತಯಾರಿ, ಚಿಕ್ಕ ರಜೆ ಮಂಜೂರು, ಹೊಸಬರ ತರಬೇತಿ ಇವನ್ನು ಅವರ ಕೈಗೇ ಕೊಡಿ, ನಿಯಮ ಮಾತ್ರ ಸ್ಪಷ್ಟವಾಗಿರಲಿ. ಅವರನ್ನು ಕಿರಿಯರ ಮುಂದೆ ಎಂದೂ ಬೈಯಬೇಡಿ. ನಿಮ್ಮಿಂದ ಬೈಗುಳ ತಿಂದವರು ಕೆಳಗೆ ಕೊಡುವುದೂ ಅದನ್ನೇ.

ಈಗ ಕಷ್ಟದ ವಿಷಯ. ಪ್ರತಿ ಘಟಕದಲ್ಲೂ ಒಬ್ಬರು ಇರುತ್ತಾರೆ. ಕೆಲಸದಲ್ಲಿ ಬಲು ಗಟ್ಟಿ, ಕಳ್ಳರನ್ನು ಹಿಡಿಯುವುದರಲ್ಲೋ ಕಾರ್ಯಾಚರಣೆಯಲ್ಲೋ ಎತ್ತಿದ ಕೈ. ಆದರೆ ಕಿರಿಯರನ್ನು ಹಿಂಸಿಸುತ್ತಾರೆ, ಹೆಣ್ಣುಮಕ್ಕಳ ಬಗ್ಗೆ ಕೀಳಾಗಿ ಮಾತಾಡುತ್ತಾರೆ, ಸುಳ್ಳು ವರದಿ ಬರೆಸುತ್ತಾರೆ. "ಕೆಲಸಗಾರ, ಬಿಡಿ" ಎಂದು ಹಿಂದಿನ ಅಧಿಕಾರಿಗಳೆಲ್ಲ ಬಿಟ್ಟಿರುತ್ತಾರೆ. ನೀವೂ ಬಿಟ್ಟರೆ ಉಳಿದ ಹಂತಗಳೆಲ್ಲ ವ್ಯರ್ಥ. ಇಡೀ ಘಟಕ ಈ ಒಬ್ಬರ ವಿಷಯದಲ್ಲಿ ನೀವು ಏನು ಮಾಡುತ್ತೀರಿ ಎಂದೇ ಕಾಯುತ್ತಿರುತ್ತದೆ.

ಮೊದಲು ಒಬ್ಬರನ್ನೇ ಕೂರಿಸಿ, ಯಾವ ದಿನ ಯಾವ ನಡತೆ ಎಂದು ಹೇಳಿ, ಬರೆದುಕೊಡಿ. ಬದಲಾಗಲು ಅವಧಿ ಕೊಡಿ. ಬದಲಾಗದಿದ್ದರೆ ಮೇಲ್ವಿಚಾರಣೆಯ ಕೆಲಸದಿಂದ ತೆಗೆಯಿರಿ. ಅಪರಾಧ ಇದ್ದರೆ ಅವಧಿಯ ಪ್ರಶ್ನೆಯೇ ಇಲ್ಲ, ನೇರ ತನಿಖೆ. ಸದ್ದಿಲ್ಲದೆ ಬೇರೆ ಘಟಕಕ್ಕೆ ವರ್ಗ ಮಾಡಿ ಕೈತೊಳೆದುಕೊಳ್ಳಬೇಡಿ. ಅಲ್ಲಿನ ಕಿರಿಯರೂ ಯಾರದೋ ಮಕ್ಕಳು.

## ಹಂತ 5: ಬಿಡಬಾರದ ನಾಲ್ಕು ನಡತೆ ಬರೆದಿಡಿ

ಈಗ ನಿಯಮ ಹೇಳುವ ಹೊತ್ತು ಬಂತು. "ಪ್ರಾಮಾಣಿಕತೆ, ಗೌರವ, ಧೈರ್ಯ" ಎಂಬ ಪದಗಳು ಬೇಡ. ಅವುಗಳಿಗೆ ಒಬ್ಬೊಬ್ಬರು ಒಂದೊಂದು ಅರ್ಥ ಕೊಡುತ್ತಾರೆ. ಕಣ್ಣಿಗೆ ಕಾಣುವ, ಆಯಿತೋ ಇಲ್ಲವೋ ಎಂದು ಹೇಳಬಹುದಾದ ನಡತೆ ಬರೆಯಿರಿ. ಉದಾಹರಣೆಗೆ:

- ವಶದಲ್ಲಿರುವ ವ್ಯಕ್ತಿಯ ಮೇಲೆ ಯಾರೂ ಕೈ ಮಾಡುವಂತಿಲ್ಲ.
- ವರದಿಯಲ್ಲಿ ನಾವು ಕಾಣದ್ದನ್ನು ಬರೆಯುವಂತಿಲ್ಲ.
- ಯಾರ ಜಾತಿ, ಧರ್ಮ, ಲಿಂಗ, ಊರು ಹಿಡಿದು ಆಡಿಕೊಳ್ಳುವಂತಿಲ್ಲ.
- ತಪ್ಪು ನಡೆದರೆ ಅದೇ ಪಾಳಿ ಮುಗಿಯುವ ಮೊದಲು ಮೇಲಿನವರಿಗೆ ಹೇಳಬೇಕು. ಹೇಳಿದವರಿಗೆ ಹೇಳಿದ್ದಕ್ಕಾಗಿ ಶಿಕ್ಷೆ ಇಲ್ಲ.

ಇವನ್ನು ನಡುವಿನ ಹಂತದವರ ಜೊತೆ ಕೂತು ತಯಾರಿಸಿ. ನಾಲ್ಕಕ್ಕಿಂತ ಜಾಸ್ತಿ ಬೇಡ. ಮೊದಲ ಉಲ್ಲಂಘನೆ ನಿಮ್ಮ ಅಚ್ಚುಮೆಚ್ಚಿನವರಿಂದಲೇ ಆಗಬಹುದು. ಆಗಲೂ ಅದೇ ಕ್ರಮ ತೆಗೆದುಕೊಳ್ಳಿ.

## ಹಂತ 6: ತಡೆಯುವುದನ್ನು ಅಭ್ಯಾಸ ಮಾಡಿಸಿ

2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಪೊಲೀಸ್ ಅಧಿಕಾರಿ ಡೆರೆಕ್ ಶಾವಿನ್, ಜಾರ್ಜ್ ಫ್ಲಾಯ್ಡ್ ಅವರ ಕುತ್ತಿಗೆಯ ಮೇಲೆ ಒಂಬತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಮಂಡಿಯೂರಿದಾಗ ಪಕ್ಕದಲ್ಲಿ ಇನ್ನೂ ಮೂವರು ಅಧಿಕಾರಿಗಳಿದ್ದರು. ಇಬ್ಬರು ಕೆಲಸಕ್ಕೆ ಹೊಸಬರು. ಅವರಲ್ಲೊಬ್ಬರು, ಫ್ಲಾಯ್ಡ್ ಅವರನ್ನು ಪಕ್ಕಕ್ಕೆ ಹೊರಳಿಸೋಣವೇ ಎಂದು ಕೇಳಿದರು. ಹಿರಿಯರು ಬೇಡ ಎಂದರು. ಸ್ವಲ್ಪ ಹೊತ್ತಿನ ನಂತರ ಮತ್ತೆ ಕೇಳಿದರು. ಅಷ್ಟಕ್ಕೇ ನಿಂತಿತು. ಫ್ಲಾಯ್ಡ್ ಸತ್ತರು. ಮುಂದೆ ಆ ಮೂವರಿಗೂ ಶಿಕ್ಷೆಯಾಯಿತು.

ಈ ಘಟನೆಯನ್ನು ಸಿಬ್ಬಂದಿಗೆ ಹೇಳಿ. ಆ ಹೊಸಬರಿಗೆ ತಪ್ಪು ನಡೆಯುತ್ತಿದೆ ಎಂಬ ಅನುಮಾನ ಇತ್ತು. ಆದರೆ ಪ್ರಶ್ನೆ ಕೇಳಿದ ಮೇಲೆ ಮುಂದೇನು ಮಾಡಬೇಕೆಂಬ ಅಭ್ಯಾಸ ಇರಲಿಲ್ಲ. ಹಿರಿಯರನ್ನು ತಡೆಯುವುದಕ್ಕೆ ಧೈರ್ಯ ಮಾತ್ರ ಸಾಲದು, ತಾಲೀಮು ಬೇಕು. ನ್ಯೂ ಓರ್ಲಿಯನ್ಸ್ ಪೊಲೀಸರು 2016ರಲ್ಲೇ ಎಪಿಕ್ ಎಂಬ ಹೆಸರಿನಲ್ಲಿ ಇಂಥ ತರಬೇತಿ ಶುರು ಮಾಡಿದ್ದರು. ಅದರ ಆಧಾರದ ಮೇಲೆ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಕಾನೂನು ಕೇಂದ್ರ 2020ರಲ್ಲಿ ಏಬಲ್ ಎಂಬ ಕಾರ್ಯಕ್ರಮ ಆರಂಭಿಸಿತು.

ತಾಲೀಮು ನಾಲ್ಕು ಮೆಟ್ಟಿಲಲ್ಲಿ ನಡೆಯಲಿ:

1. ಕೇಳು. "ಸರ್, ಇವರಿಗೆ ಉಸಿರಾಟ ಸರಿಯಿದೆಯಾ?"
2. ಎಚ್ಚರಿಸು. "ಸರ್, ಉಸಿರಾಡುತ್ತಿಲ್ಲ ಅನಿಸುತ್ತಿದೆ. ಅಪಾಯ."
3. ಎದುರು ಹೇಳು. "ಸರ್, ಸಾಕು. ಬಿಡಿ."
4. ಕೈ ಹಾಕು. ಹಿರಿಯರ ಭುಜ ಹಿಡಿದು ಹಿಂದಕ್ಕೆ ಎಳೆ. "ನಾನು ನೋಡಿಕೊಳ್ಳುತ್ತೇನೆ ಸರ್" ಎಂದು ಜಾಗ ತೆಗೆದುಕೊ.

ಬಾಯಲ್ಲಿ ಹೇಳಿಕೊಟ್ಟರೆ ಸಾಲದು. ಜೋಡಿ ಮಾಡಿ, ಜೋರಾಗಿ ಹೇಳಿಸಿ, ಮೈಮೇಲೆ ಕೈಯಿಟ್ಟು ಎಳೆಸಿ. ಮೊದಲ ಅಭ್ಯಾಸದಲ್ಲಿ ತಪ್ಪು ಮಾಡುವ ಹಿರಿಯರ ಪಾತ್ರ ನೀವೇ ಮಾಡಿ, ಅತ್ಯಂತ ಕಿರಿಯರು ನಿಮ್ಮನ್ನು ತಡೆಯಲಿ. ಎಲ್ಲರೂ ನಗುತ್ತಾರೆ, ನಗಲಿ. ಆದರೆ ತಡೆದ ಕೈಯನ್ನು ಮೇಲಧಿಕಾರಿ ಒಪ್ಪಿಕೊಂಡದ್ದನ್ನು ಅವರು ಮರೆಯುವುದಿಲ್ಲ. ತಡೆದಾಗ ಹಿರಿಯರು ಏನು ಹೇಳಬೇಕು ಎಂಬುದನ್ನೂ ಕಲಿಸಿ. "ಸರಿ" ಎಂಬ ಒಂದೇ ಮಾತು ಸಾಕು. ವಾದ ಆಮೇಲೆ.

ಸೇನೆಯಲ್ಲಿ ಒಂದು ಪ್ರಶ್ನೆ ಖಂಡಿತ ಬರುತ್ತದೆ: ಆದೇಶ ಪಾಲಿಸಬೇಕೋ, ಪ್ರಶ್ನಿಸಬೇಕೋ? ಗುಂಡು ಹಾರುತ್ತಿರುವಾಗ ಎಡಕ್ಕೆ ಹೋಗು ಎಂದರೆ ಎಡಕ್ಕೇ ಹೋಗಬೇಕು. ನಿಶ್ಶಸ್ತ್ರ ಕೈದಿಗೆ ಗುಂಡು ಹೊಡೆ ಎಂದರೆ ಹೊಡೆಯುವಂತಿಲ್ಲ. ನಾಜಿ ನಾಯಕರ ವಿಚಾರಣೆಯ ಆಧಾರದ ಮೇಲೆ 1950ರಲ್ಲಿ ವಿಶ್ವಸಂಸ್ಥೆಯ ಆಯೋಗ ರೂಪಿಸಿದ ನ್ಯೂರೆಂಬರ್ಗ್ ತತ್ವಗಳ ಪ್ರಕಾರ, ಬೇರೆ ದಾರಿ ಆರಿಸಿಕೊಳ್ಳುವ ಅವಕಾಶ ಇದ್ದಾಗ ಮೇಲಿನವರ ಆದೇಶ ಇತ್ತು ಎಂಬುದು ಹೊಣೆಯಿಂದ ಬಿಡಿಸುವುದಿಲ್ಲ. ಎರಡರ ನಡುವಿನ ಗೆರೆಯನ್ನು ಉದಾಹರಣೆ ಕೊಟ್ಟು, ಶಾಂತವಾದ ದಿನದಲ್ಲಿ ಕಲಿಸಿ.

## ಹಂತ 7: ಕಾರ್ಯಾಚರಣೆಯ ನಂತರ ನಾಲ್ಕು ಪ್ರಶ್ನೆ

ಕಾರ್ಯಾಚರಣೆ ಮುಗಿದ ಮೇಲೆ ಎಲ್ಲರೂ ಸೇರಿ ಕೂತು ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಅಮೆರಿಕದ ಸೇನೆ ತನ್ನ ತರಬೇತಿ ಕೇಂದ್ರಗಳಲ್ಲಿ ಬೆಳೆಸಿದ ಈ ಪದ್ಧತಿ ಇಂದು ಆಸ್ಪತ್ರೆ, ಅಗ್ನಿಶಾಮಕ ದಳದವರೆಗೂ ಹಬ್ಬಿದೆ. ಏನಾಗಬೇಕಿತ್ತು? ಏನಾಯಿತು? ಯಾಕೆ ಹಾಗಾಯಿತು? ಮುಂದಿನ ಸಲ ಏನನ್ನು ಉಳಿಸಿಕೊಳ್ಳೋಣ, ಏನನ್ನು ಬದಲಿಸೋಣ? ಹದಿನೈದು ಇಪ್ಪತ್ತು ನಿಮಿಷದಲ್ಲಿ ಮುಗಿಸಬಹುದು.

ಕಿರಿಯರು ಮೊದಲು ಮಾತಾಡಲಿ. ಹಿರಿಯರು ಮೊದಲು ಮಾತಾಡಿದರೆ ಉಳಿದವರು ಅದನ್ನೇ ಹೇಳುತ್ತಾರೆ. ನಿಮ್ಮ ನಿರ್ಧಾರದಲ್ಲಿ ತಪ್ಪಿದ್ದರೆ ಅದನ್ನು ನೀವೇ ಎತ್ತಿ. ಇಲ್ಲಿ ಆಡಿದ ಮಾತನ್ನು ಮುಂದೆ ವಾರ್ಷಿಕ ಮೌಲ್ಯಮಾಪನದಲ್ಲಿ ಬಳಸಿದರೆ ಆ ದಿನಕ್ಕೇ ಇದು ಸತ್ತಂತೆ.

ಎಚ್ಚರಿಕೆ: ಸಾವು, ಗಂಭೀರ ಗಾಯ, ಗುಂಡು ಹಾರಾಟದಂಥ ಘಟನೆ ತನಿಖೆಗೆ ಹೋಗುವಂತಿದ್ದರೆ, ಎಲ್ಲರ ಹೇಳಿಕೆ ದಾಖಲಾಗುವ ಮೊದಲು ಈ ಸಭೆ ನಡೆಸಬೇಡಿ. ಒಬ್ಬರ ನೆನಪು ಇನ್ನೊಬ್ಬರ ನೆನಪನ್ನು ತಿದ್ದುತ್ತದೆ. ಸೇರಿ ಕಥೆ ಹೊಂದಿಸಿದರು ಎಂಬ ಆರೋಪವೂ ಬರುತ್ತದೆ.

## ಹಂತ 8: ದೂರು ಬಂದ ಮೊದಲ ಎರಡು ದಿನ

ಇಲ್ಲಿಯವರೆಗೆ ಸರಿಯಾಗಿ ಬಂದಿದ್ದರೆ ಈಗ ಯಾರಾದರೂ ಬಂದೇ ಬರುತ್ತಾರೆ. ಆ ಮೊದಲ ದೂರನ್ನು ನೀವು ಹೇಗೆ ನಡೆಸುತ್ತೀರಿ ಎಂಬುದು ಮುಂದಿನ ಎಲ್ಲ ದೂರುಗಳನ್ನು ತೀರ್ಮಾನಿಸುತ್ತದೆ.

ಅಮೆರಿಕದ ಫೋರ್ಟ್ ಹುಡ್ ಸೇನಾನೆಲೆಯಲ್ಲಿ 20 ವರ್ಷದ ವನೆಸ್ಸಾ ಗಿಯೆನ್ ಎಂಬ ಸೈನಿಕೆ 2020ರಲ್ಲಿ ಕೊಲೆಯಾದರು. ಅದಕ್ಕೂ ಮೊದಲು ಒಬ್ಬ ಮೇಲ್ವಿಚಾರಕ ಅವರಿಗೆ ಲೈಂಗಿಕ ಕಿರುಕುಳ ಕೊಟ್ಟಿದ್ದ. ಆ ವಿಷಯ ತುಕಡಿಯ ನಾಯಕರ ಗಮನಕ್ಕೆ ಬಂದಿದ್ದರೂ ಅವರು ಸರಿಯಾದ ಕ್ರಮ ತೆಗೆದುಕೊಂಡಿರಲಿಲ್ಲ ಎಂದು ಸೇನೆಯ ತನಿಖೆಯೇ ಹೇಳಿತು. ಕೊಲೆ ಮಾಡಿದ್ದು ಬೇರೆ ಸೈನಿಕ. ಸ್ವತಂತ್ರ ಪರಿಶೀಲನಾ ಸಮಿತಿ 2020ರ ಡಿಸೆಂಬರ್‌ನಲ್ಲಿ ಆ ನೆಲೆಯ ವಾತಾವರಣದ ಬಗ್ಗೆ 70 ಶಿಫಾರಸು ಕೊಟ್ಟಿತು. ಅದೇ ತಿಂಗಳು 14 ನಾಯಕರನ್ನು ವಜಾ ಅಥವಾ ಅಮಾನತು ಮಾಡಲಾಯಿತು. ಕಿರುಕುಳ ತಡೆಯುವ ಕಾರ್ಯಕ್ರಮ ಅಲ್ಲಿ ಕಾಗದದಲ್ಲಿ ಇತ್ತು. ದೂರು ಕೊಟ್ಟರೆ ಪ್ರಯೋಜನವಿದೆ ಎಂಬ ನಂಬಿಕೆ ಇರಲಿಲ್ಲ.

ದೂರು ಬಂದಾಗ ಹೀಗೆ ನಡೆಯಿರಿ:

1. ಪೂರ್ತಿ ಕೇಳಿ. "ಖಚಿತವಾಗಿ ಹೇಳುತ್ತಿದ್ದೀರಾ?" ಎಂಬ ಮಾತು ಬೇಡ.
2. ಇಂದು ರಾತ್ರಿ ಅವರು ಸುರಕ್ಷಿತವೇ ಎಂದು ಮೊದಲು ನೋಡಿ. ಬೇರೆ ಮಾಡಬೇಕಾದರೆ ಆರೋಪ ಹೊತ್ತವರನ್ನು ಬೇರೆ ಕೆಲಸಕ್ಕೆ ಹಾಕಿ. ದೂರು ಕೊಟ್ಟವರನ್ನು ಅವರಾಗಿ ಕೇಳದೆ ಕದಲಿಸಬೇಡಿ.
3. ಅವರ ಮಾತಿನಲ್ಲೇ ಬರೆದು, ದಿನಾಂಕ ಹಾಕಿ, ಒಂದು ಪ್ರತಿ ಅವರಿಗೆ ಕೊಡಿ.
4. ಸಿಸಿಟಿವಿ ದೃಶ್ಯ, ಡ್ಯೂಟಿ ಪಟ್ಟಿ, ಸಂದೇಶಗಳು ಅಳಿಯದಂತೆ ಕಾಪಾಡಿ.
5. ನಿಮ್ಮ ಘಟಕದವರೇ ತನಿಖೆ ಮಾಡದಿರಲಿ. ನಿಯಮದಲ್ಲಿರುವ ಹೊರಗಿನ ಸಮಿತಿ ಅಥವಾ ಅಧಿಕಾರಿಗೆ ಒಪ್ಪಿಸಿ.
6. ಮುಂದೇನು, ಯಾವಾಗ ಎಂದು ದೂರು ಕೊಟ್ಟವರಿಗೆ ತಿಳಿಸುತ್ತಲೇ ಇರಿ.
7. ಒಂದು, ಎರಡು ಮತ್ತು ಮೂರು ತಿಂಗಳ ನಂತರ ಅವರ ಪಾಳಿ, ರಜೆ, ಮೌಲ್ಯಮಾಪನ ಪರಿಶೀಲಿಸಿ. ಸೇಡು ತೀರಿಸಿಕೊಳ್ಳುವುದು ಹೆಚ್ಚಾಗಿ ಡ್ಯೂಟಿ ಪಟ್ಟಿಯ ಮೂಲಕವೇ.

"ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸಿದೆ" ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ಕಿರುಕುಳ, ಹಲ್ಲೆಯ ವಿಷಯದಲ್ಲಿ ರಾಜಿ ಎಂದರೆ ದುರ್ಬಲರು ಸುಮ್ಮನಾದರು ಎಂದಷ್ಟೇ ಅರ್ಥ.

## ಹಂತ 9: ಮನಸ್ಸಿಗಾದ ಗಾಯ

ಭೀಕರ ಘಟನೆಯ ನಂತರ ಎಲ್ಲರನ್ನೂ ತಕ್ಷಣ ಕೂರಿಸಿ ಅನುಭವ ಹೇಳಿಸುವ ರೂಢಿ ಕೆಲವೆಡೆ ಇದೆ. ಇಂಥ ಒಂದು ಬಾರಿಯ ಕಡ್ಡಾಯ ಮಾತುಕತೆಯಿಂದ ಮುಂದಿನ ಮಾನಸಿಕ ಆಘಾತ ತಪ್ಪುವುದಿಲ್ಲ, ಕೆಲವರಿಗೆ ತೊಂದರೆಯೇ ಆಗಬಹುದು ಎಂದು ಸಂಶೋಧನೆಗಳ ಪರಿಶೀಲನೆ ತೋರಿಸಿದೆ. ಮೊದಲು ಊಟ, ವಿಶ್ರಾಂತಿ, ಮನೆಗೆ ಒಂದು ಫೋನ್, ಜೊತೆಗೊಬ್ಬರು. ಅಷ್ಟು ಸಾಕು.

ಆಮೇಲೆ ಮರೆಯದೆ ವಿಚಾರಿಸಬೇಕು. ಬ್ರಿಟನ್ನಿನ ರಾಯಲ್ ಮರೀನ್ಸ್‌ನಲ್ಲಿ ಹುಟ್ಟಿದ ಟ್ರಿಮ್ ಪದ್ಧತಿಯಲ್ಲಿ, ತರಬೇತಿ ಪಡೆದ ಸಹೋದ್ಯೋಗಿಯೊಬ್ಬರು ಘಟನೆಯಾಗಿ ಸುಮಾರು ಮೂರು ದಿನದ ನಂತರ ಮಾತಾಡಿಸುತ್ತಾರೆ, ಒಂದು ತಿಂಗಳಿಗೆ ಮತ್ತೆ ಮಾತಾಡಿಸುತ್ತಾರೆ. ಆಗಲೂ ಸರಿಹೋಗದಿದ್ದರೆ ವೈದ್ಯರ ಹತ್ತಿರ ಕಳಿಸುತ್ತಾರೆ. ನಿಮ್ಮಲ್ಲಿ ಆ ತರಬೇತಿ ಇಲ್ಲದಿದ್ದರೂ ಈ ಎರಡು ದಿನಾಂಕವನ್ನು ಡೈರಿಯಲ್ಲಿ ಬರೆದುಕೊಳ್ಳಿ.

ನಿದ್ದೆ ಬಾರದಿರುವುದು, ಇದ್ದಕ್ಕಿದ್ದಂತೆ ಕುಡಿತ ಜಾಸ್ತಿಯಾಗಿರುವುದು, ಬೇಕಾದ ವಸ್ತುಗಳನ್ನು ಬೇರೆಯವರಿಗೆ ಕೊಟ್ಟುಬಿಡುವುದು, "ನಾನಿಲ್ಲದಿದ್ದರೇ ಒಳ್ಳೆಯದು" ಎಂಬ ಮಾತು ಇವು ಕಂಡರೆ ಕಾಯಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಭಯ ತಪ್ಪು. ಒಬ್ಬರನ್ನೇ ಬಿಡಬೇಡಿ, ಆಯುಧವನ್ನು ಮರ್ಯಾದೆಯಿಂದ ಬೇರೆಡೆ ಇರಿಸಿ, ಅಂದೇ ವೈದ್ಯರ ಬಳಿ ಕರೆದೊಯ್ಯಿರಿ. ಚಿಕಿತ್ಸೆ ಪಡೆದು ಬಂದವರಿಗೆ ಹಳೆಯ ಕೆಲಸ ಮರಳಿ ಸಿಕ್ಕಿತು ಎಂಬುದನ್ನು ಉಳಿದವರು ನೋಡಿದರೆ, ಮುಂದಿನವರು ತಾವಾಗಿ ಬರುತ್ತಾರೆ.

## ಹಂತ 10: ಬದಲಾವಣೆ ಆಗುತ್ತಿದೆಯೇ ಎಂದು ನೋಡಿ

ದೂರುಗಳ ಸಂಖ್ಯೆ ಶುರುವಿನಲ್ಲಿ ಏರಿದರೆ ಗಾಬರಿ ಬೇಡ. ಇಷ್ಟು ದಿನ ಅದುಮಿಟ್ಟದ್ದು ಹೊರಬರುತ್ತಿದೆ. ಮೇಲಧಿಕಾರಿಗಳಿಗೆ ಇದನ್ನು ಮೊದಲೇ ಬರೆದು ತಿಳಿಸಿ, ಇಲ್ಲದಿದ್ದರೆ ನಿಮ್ಮ ಕಾಲದಲ್ಲಿ ಕೆಟ್ಟಿತು ಎಂದುಕೊಳ್ಳುತ್ತಾರೆ. ವರ್ಷವಿಡೀ ಒಂದೂ ದೂರಿಲ್ಲದ ಘಟಕದ ಬಗ್ಗೆ ನನಗೆ ಜಾಸ್ತಿ ಚಿಂತೆ.

ಮೂರು ತಿಂಗಳಿಗೊಮ್ಮೆ ಅದೇ ಹಳೆಯ ಕಡತಗಳನ್ನು ತೆಗೆದು ನೋಡಿ. ವರ್ಗಾವಣೆ ಅರ್ಜಿ ಇಳಿಯಿತೇ? ಅನಾರೋಗ್ಯ ರಜೆ ಒಂದೇ ಪಾಳಿಯಲ್ಲಿ ಗುಂಪಾಗಿದೆಯೇ? ತಪ್ಪು ನಡೆದದ್ದು ನಿಮಗೆ ಮೊದಲು ಸಿಬ್ಬಂದಿಯಿಂದ ತಿಳಿಯುತ್ತಿದೆಯೇ, ಹೊರಗಿನವರಿಂದಲೇ? ಇವುಗಳಲ್ಲಿ ಕೊನೆಯ ಪ್ರಶ್ನೆಗಿಂತ ಒಳ್ಳೆಯ ಅಳತೆಗೋಲು ನನಗೆ ಕಂಡಿಲ್ಲ.

ಬಡ್ತಿಗೆ, ಪ್ರಶಸ್ತಿಗೆ ಹೆಸರು ಕಳಿಸುವಾಗಲೂ ಇದೇ ದೃಷ್ಟಿ ಇರಲಿ. ಬಂಧನ, ವಶಪಡಿಸಿಕೊಂಡ ವಸ್ತುಗಳ ಲೆಕ್ಕ ಮಾತ್ರ ನೋಡಿದರೆ ಅದಕ್ಕೆ ತಕ್ಕವರೇ ಮೇಲೇರುತ್ತಾರೆ. ಅಮೆರಿಕದ ಸೇನೆ 2020ರಲ್ಲಿ ಬೆಟಾಲಿಯನ್ ನಾಯಕರನ್ನು ಆರಿಸುವಾಗ ಅವರ ಸಮಾನರು ಮತ್ತು ಕೈಕೆಳಗಿನವರ ಅಭಿಪ್ರಾಯವನ್ನೂ ತೆಗೆದುಕೊಳ್ಳಲು ಶುರು ಮಾಡಿತು. ನಿಮಗೆ ಅಂಥ ವ್ಯವಸ್ಥೆ ಇಲ್ಲದಿದ್ದರೂ ಶಿಫಾರಸು ಬರೆಯುವ ಮೊದಲು ಆ ವ್ಯಕ್ತಿಯ ಕೈಕೆಳಗೆ ದುಡಿದ ಇಬ್ಬರನ್ನಾದರೂ ಕೇಳಬಹುದು.

## ಹಂತ 11: ನೀವು ಹೋಗುವ ಮೊದಲು

ವರ್ಗಾವಣೆ ಆದೇಶ ಬಂದ ಮೇಲೆ ಇದನ್ನು ಶುರು ಮಾಡಿದರೆ ತಡವಾಗುತ್ತದೆ. ಡ್ಯೂಟಿ ಸರದಿಯ ಲೆಕ್ಕ, ನಾಲ್ಕು ನಡತೆಯ ಪಟ್ಟಿ, ತಾಲೀಮಿನ ವೇಳಾಪಟ್ಟಿ ಇವೆಲ್ಲ ನಿಮ್ಮ ಹೆಸರಿನಲ್ಲಲ್ಲ, ಘಟಕದ ಸ್ಥಾಯಿ ಆದೇಶದಲ್ಲಿ ಇರುವಂತೆ ಮೊದಲೇ ನೋಡಿಕೊಳ್ಳಿ. ಕೊನೆಯ ಎರಡು ತಿಂಗಳು ವಾರದ ಸಭೆಯನ್ನು ನಡುವಿನ ಹಂತದವರೇ ನಡೆಸಲಿ, ನೀವು ಪಕ್ಕದಲ್ಲಿ ಕೂತಿರಿ.

ಮುಂದೆ ಬರುವವರಿಗೆ ಒಂದು ಪುಟ ಬರೆದಿಡಿ. ಯಾವ ದೂರು ಇನ್ನೂ ಮುಗಿದಿಲ್ಲ, ದೂರು ಕೊಟ್ಟ ಯಾರ ಪಾಳಿ ಮತ್ತು ರಜೆಯ ಮೇಲೆ ಇನ್ನೂ ಕಣ್ಣಿಡಬೇಕು, ಯಾರಿಗೆ ನಡತೆ ಬದಲಿಸಲು ಅವಧಿ ಕೊಟ್ಟಿದೆ, ಅದು ಯಾವ ತಾರೀಕಿಗೆ ಮುಗಿಯುತ್ತದೆ. ಈ ಪುಟವನ್ನು ಗುಮಾಸ್ತರ ಕೈಗೆ ಕೊಡಬೇಡಿ. ಮುಚ್ಚಿದ ಲಕೋಟೆಯಲ್ಲಿ, ಅಧಿಕಾರ ವಹಿಸುವ ದಿನ, ನೀವೇ ಅವರ ಕೈಗೆ ಕೊಡಿ.